ಹೋರಿ ನಿಂತ ಜಾಗ

ಮೊಳಕಾಲ್ಮೂರಿನ ಸೂರಪ್ಪ ಇಪ್ಪತ್ತೆರಡು ವರ್ಷ ನಾಟಕದಲ್ಲಿದ್ದರೂ ಅವನ ಮುಖ ಕಂಡ ಪ್ರೇಕ್ಷಕ ಒಬ್ಬನೂ ಇಲ್ಲ. ಹಗಲು ಮಗ್ಗದ ಮುಂದೆ, ಸಂಜೆ ಪರದೆಯ ಹಿಂದೆ. ಯಾರ ರುಮಾಲು ಯಾವ ಗಂಟಿನಲ್ಲಿದೆ, ಹುಲ್ಲಿನ ಹೊರೆ ಯಾವ ಕಡೆಯಿಂದ ಬರಬೇಕು, ಪ್ರವೇಶದ ಹೊತ್ತಿಗೆ ಸರಿಯಾಗಿ ಬೀಡಿ ಸೇದಲು ಮಾಯವಾಗುವ ಮಹಾನುಭಾವರು ಯಾರು, ಎಲ್ಲ ಅವನಿಗೆ ಬಾಯಿಪಾಠ. ನಾಟಕ ಗೆದ್ದರೆ ಹಾರ ನಟರಿಗೆ, ಪರದೆ ಸಿಕ್ಕಿಕೊಂಡರೆ ಬೈಗುಳ ಸೂರಪ್ಪನಿಗೆ. ಅದಕ್ಕೆ ಅವನು ಬೇಜಾರು ಮಾಡಿಕೊಂಡವನಲ್ಲ. ಸ್ವಲ್ಪ ಮಾಡಿಕೊಂಡಿದ್ದರೆ ತಪ್ಪೇನೂ ಇರಲಿಲ್ಲ.

ತಂಡ ಕಟ್ಟಿದವರು ನಾಗೇಂದ್ರಪ್ಪ ಮೇಷ್ಟ್ರು. ತಂಡಕ್ಕೆ ಹೆಸರು ತಂದ ನಾಟಕವನ್ನು ಬರೆದವರೂ ಅವರೇ. ಹುಲ್ಲುಗಾವಲಿನಲ್ಲಿ ದನ ಕಾಯುವವನೊಬ್ಬ ಮಗನಂತೆ ಸಾಕಿದ ಹೋರಿಯನ್ನು ಬೇರೆ ಊರಿಗೆ ಕೊಟ್ಟುಬಿಡುತ್ತಾನೆ. ಅದು ಹಗ್ಗ ಹರಿದುಕೊಂಡು ವಾಪಸ್ಸು ಬರುತ್ತದೆ. ಕೊನೆಗೆ ಅವನೇ ಅದನ್ನು ಅಟ್ಟಬೇಕು. ಹೋರಿ ಮಾತ್ರ ರಂಗದ ಮೇಲೆ ಬರುವುದೇ ಇಲ್ಲ. ಅದರ ಕೊರಳಗಂಟೆ ಕೇಳಿಸುತ್ತದೆ, ಅಷ್ಟೇ. ಎಡಬದಿಯ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು ಆ ಗಂಟೆ ಆಡಿಸುವವನು ಸೂರಪ್ಪ. ಹೋರಿ ನಡೆಯುವ ಸದ್ದೇ ಬೇರೆ, ನಿಂತು ಮೆಲುಕು ಹಾಕುವ ಸದ್ದೇ ಬೇರೆ. ಅದಕ್ಕಾಗಿ ಅವನು ಮನೆಯಲ್ಲೂ ಗಂಟೆ ಹಿಡಿದು ಅಭ್ಯಾಸ ಮಾಡುತ್ತಿದ್ದ.

ದನಗಾಹಿಯ ಪಾತ್ರ ಚಳ್ಳಕೆರೆಯ ಎಣ್ಣೆ ವ್ಯಾಪಾರಿ ಜಂಬುಲಿಂಗಪ್ಪನವರದು. ಅವರು ಹೋರಿಯ ಕಡೆ ಅಂದರೆ ಸೂರಪ್ಪನ ಕಡೆ ನೋಡಿದಾಗ ಮುಖದಲ್ಲಿ ಏನೋ ಆಗುತ್ತಿತ್ತು, ತುಟಿ ಅದುರಿ ಕಣ್ಣು ತುಂಬಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಕಲಿಸಿದ್ದು ನೆನಪಾಗಿ ಫಕ್ಕನೆ ಜನರ ಕಡೆ ತಿರುಗಿ ಮಾತು ಒಪ್ಪಿಸಿಬಿಡುತ್ತಿದ್ದರು. ‘ಹೋರಿಗೆ ಬೆನ್ನು ಹಾಕಿ ಹೋರಿ ಜೊತೆ ಯಾರಾದ್ರೂ ಮಾತಾಡ್ತಾರಾ?’ ಎಂದು ಸೂರಪ್ಪ ಪ್ರತಿ ಸಲವೂ ಸ್ಟೂಲಿನ ಮೇಲೆ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದ.

ಹೋದ ವರ್ಷ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಯಿತು. ‘ಇನ್ನು ನನ್ನ ಕೈಲಾಗಲ್ಲ, ಸೂರಪ್ಪ ನಾಟಕ ಮಾಡಿಸ್ಲಿ’ ಅಂದರು.

ಜಂಬುಲಿಂಗಪ್ಪನವರಿಗೆ ನಗು ತಡೆಯಲಾಗಲಿಲ್ಲ. ‘ನಾಟಕ ಮಾಡ್ಸೋದು ಅಂದ್ರೆ ಗಂಟೆ ಅಲ್ಲಾಡಿಸ್ದಂಗಲ್ರೀ ಮೇಷ್ಟ್ರೇ.’

‘ಈ ನಾಟಕಾನ ನನಗಿಂತ ಹೆಚ್ಚು ಸಲ ನೋಡ್ದೋನು ಅವನೊಬ್ನೇ ಕಣಯ್ಯಾ’ ಎಂದರು ಮೇಷ್ಟ್ರು.

ಸೂರಪ್ಪ ಮೊದಲು ಮಾಡಿದ್ದೇ ಆ ತಿರುಗುವಿಕೆಯನ್ನು ಕಿತ್ತುಹಾಕಿದ್ದು. ‘ಸಾವ್ಕಾರ್ರೇ, ಹೋರಿ ನೋಡ್ಕೊಂಡೇ ಮಾತಾಡ್ರಿ. ಜನಾನ ಮರೀರಿ.’ ತಾಲೀಮಿನಲ್ಲೂ ಅವನು ಅದೇ ಸ್ಟೂಲಿನ ಮೇಲೆ ಗಂಟೆ ಹಿಡಿದು ಕೂತ. ಅಲ್ಲಿಂದ ನೋಡಿದರೆ ನಾಟಕ ಎಂದೂ ಇಷ್ಟು ಚೆನ್ನಾಗಿರಲಿಲ್ಲ. ಒಂದು ದಿನ ಅವನೇ ಅತ್ತುಬಿಟ್ಟ.

ಮೊಳಕಾಲ್ಮೂರಿನಲ್ಲಿ ಮೊದಲ ಪ್ರದರ್ಶನವಾಯಿತು. ಅರ್ಧಕ್ಕೇ ಜನ ಮೊಬೈಲು ತೆಗೆದರು. ಕೊನೆಯ ದೃಶ್ಯದಲ್ಲಿ ಕೆಮ್ಮು, ಆಕಳಿಕೆ, ಕುರ್ಚಿ ಎಳೆಯುವ ಸದ್ದು. ಸೂರಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಗೋವಿಂದಮ್ಮ ತನ್ನ ತೆಲುಗು ಬೆರೆತ ಮಾತಿನಲ್ಲಿ ಬಿಡಿಸಿ ಹೇಳಿದಳು.

‘ಏಮಯ್ಯಾ, ಸಾವ್ಕಾರ್ರ ಎಡಗಿವಿಯಾಗೆ ಎಷ್ಟು ಕೂದಲು ಐತೆ ಅಂತ ಊರಿಗೆಲ್ಲಾ ಗೊತ್ತಾತು. ಮುಖ ಮಾತ್ರ ಒಬ್ರಿಗೂ ಕಾಣ್ಲಿಲ್ಲ. ಎಲ್ಲಾ ನಿನಗೇ ಮಾಡಿ ತೋರ್ಸಿದ್ರು.’

ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಸೂರಪ್ಪ ಆ ನಾಟಕವನ್ನು ಎದುರಿನಿಂದ ನೋಡಿರಲಿಲ್ಲ. ಮರುದಿನವೇ ಜಂಬುಲಿಂಗಪ್ಪನವರ ಫೋನು ಬಂತು. ‘ಮುಂದಿನ ತಿಂಗಳು ಚಳ್ಳಕೆರೆ. ನಮ್ಮೂರು, ನಮ್ಮ ಬೀಗರೆಲ್ಲ ಬರ್ತಾರೆ. ಅಲ್ಲೂ ಹಿಂಗೇ ಆದ್ರೆ ದಾವಣಗೆರೆಯಿಂದ ನಿರ್ದೇಶಕರನ್ನ ಕರೆಸ್ತೀವಿ. ನೀನು ನಿನ್ನ ಸ್ಟೂಲು ನೋಡ್ಕೋ.’

ಅವಮಾನವಾಯಿತು. ನಾಲ್ಕು ದಿನ ಅವನು ಮಗ್ಗ ಬಿಟ್ಟು ಏಳಲಿಲ್ಲ. ಹಳೆಯ ಹಾಗೆ ಜನರ ಕಡೆ ತಿರುಗಿಸಿಬಿಟ್ಟರೆ ಮುಗಿಯಿತು, ಮರ್ಯಾದೆ ಉಳಿಯುತ್ತದೆ. ಆದರೆ ಅದು ಸುಳ್ಳು ಎಂದು ಅವನಿಗೆ ಗೊತ್ತು. ಐದನೇ ದಿನ ಅವನು ಮಗ್ಗದಿಂದ ಎದ್ದುನಿಂತ. ತಿರುಗಿಸಬೇಕಾದ್ದು ಜಂಬುಲಿಂಗಪ್ಪನವರನ್ನಲ್ಲ, ಹೋರಿಯನ್ನು. ಹೋರಿ ಜನರ ಹಿಂದೆ ನಿಲ್ಲಲಿ. ಹಿಂಬಾಗಿಲಿನಿಂದ ಕುರ್ಚಿಗಳ ನಡುವೆ ಬರಲಿ, ಬಂದ ದಾರಿಯಲ್ಲೇ ಹೋಗಲಿ. ಆಗ ಅದನ್ನು ನೋಡಬೇಕಾದರೆ ದನಗಾಹಿ ಜನರ ಕಡೆಗೇ ನೋಡಬೇಕು.

‘ನಾನೇ ಗಂಟೆ ಹಿಡ್ಕಂಡು ಹಿಂದುಗಡೆಯಿಂದ ಬರ್ತೀನಿ’ ಅಂದ ಹೆಂಡತಿಗೆ.

‘ಮತ್ತೆ ನಾಟಕ ನೋಡೋರು ಯಾರು? ಹಿಂದೆ ನಿಂತ್ರೂ ನೀನು ಗಂಟೆಯೋನೇ. ಇಟ್ಲಾ ಇವ್ವು’ ಎಂದು ಅವಳು ಗಂಟೆ ಕೊಡುವಂತೆ ಕೈಚಾಚಿದಳು.

‘ಇದು ಆಟದ ಸಾಮಾನಲ್ಲ ಕಣೇ. ಅದಕ್ಕೊಂದು ನಡಿಗೆ ಐತೆ.’

ಗೋವಿಂದಮ್ಮ ಗಂಟೆ ಕಿತ್ತುಕೊಂಡು ಹಿತ್ತಲಿಗೆ ಹೋದಳು. ಇವನು ಗೋಡೆಯ ಈಚೆ ನಿಂತು ಕೇಳಿದ. ಎರಡು ಹೆಜ್ಜೆ, ಒಂದು ತಡೆ. ನೊಣ ಓಡಿಸುವ ಕೊರಳ ಕೊಡವು. ಮತ್ತೆ ಹೆಜ್ಜೆ. ಇಷ್ಟು ವರ್ಷ ಮಗ್ಗದ ಪಕ್ಕದಲ್ಲಿ ಅವನ ಅಭ್ಯಾಸವನ್ನು ಕೇಳಿಸಿಕೊಂಡವಳು ಅವಳೇ ತಾನೆ. ತಪ್ಪು ಹಿಡಿಯಲು ಒಂದೂ ಸಿಗಲಿಲ್ಲ. ಅದೇ ಅವನಿಗೆ ಸಂಕಟವಾಯಿತು.

ಚಳ್ಳಕೆರೆಯ ಪ್ರದರ್ಶನಕ್ಕೆ ಜನ ಕಿಕ್ಕಿರಿದಿದ್ದರು. ಸೂರಪ್ಪ ಮೂರನೇ ಸಾಲಿನಲ್ಲಿ, ಓಡಾಡುವ ದಾರಿಯ ಅಂಚಿನ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ದೊಡ್ಡಉಳ್ಳಾರ್ತಿಯಿಂದ ಬಂದಿದ್ದ ಒಬ್ಬ ಮುದುಕ, ದನ ಕಾದು ಹಣ್ಣಾದವನು. ಕೈಯಲ್ಲಿ ಏನೂ ಇಲ್ಲದೆ ನಾಟಕದಲ್ಲಿ ಕೂತದ್ದು ಸೂರಪ್ಪನಿಗೆ ಅದೇ ಮೊದಲು. ಎರಡನೇ ಅಂಕದಲ್ಲಿ ಹುಲ್ಲಿನ ಹೊರೆ ತಡವಾಗಿ ಬಂದಾಗ ಅರ್ಧ ಎದ್ದೇಬಿಟ್ಟಿದ್ದ.

ಕೊನೆಯ ದೃಶ್ಯ ಬಂತು. ದೀಪ ಸಣ್ಣದಾಯಿತು. ಹಿಂಬಾಗಿಲ ಹತ್ತಿರ ಗಂಟೆ ಕೇಳಿಸಿತು. ಜಂಬುಲಿಂಗಪ್ಪನವರು ತಲೆಯೆತ್ತಿ ಸಭೆಯ ಆಚೆಗೆ ನೋಡಿದರು. ಸೂರಪ್ಪ ಒಬ್ಬನಿಗೇ ಕಾಣುತ್ತಿದ್ದ ಆ ಮುಖ ಈಗ ಊರಿಗೆಲ್ಲ ಕಂಡಿತು. ತುಟಿ ಅದುರಿತು. ‘ಯಾಕಪ್ಪಾ ಬಂದೆ? ಬರಬ್ಯಾಡ ಅಂದಿದ್ನಲ್ಲೋ’ ಎಂದರು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಕತ್ತಲಲ್ಲಿ ಗಂಟೆ ಕುರ್ಚಿಗಳ ನಡುವಿನ ದಾರಿ ಹಿಡಿದು ಬರುತ್ತಿತ್ತು. ಎರಡು ಹೆಜ್ಜೆ, ಒಂದು ತಡೆ. ಪಕ್ಕದ ಮುದುಕ ಸೂರಪ್ಪನ ತೊಡೆ ತಟ್ಟಿ, ‘ಲೇ, ಕಾಲು ತಗೀ, ಬಂತು’ ಎಂದು ಪಿಸುಗುಟ್ಟಿದ.

ಗಂಟೆ ಯಾರ ಕೈಯಲ್ಲಿದೆ ಎಂದು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಸೂರಪ್ಪ. ಆದರೂ ಎರಡೂ ಕಾಲು ಎಳೆದುಕೊಂಡು ಹೋರಿಗೆ ದಾರಿ ಬಿಟ್ಟ.