ಕಣ್ಣು ಮುಚ್ಚಿದರೆ ಕಾಣದ ಬುದ್ಧ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ತಿ. ನರಸೀಪುರದ ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವುದು, ಪೊರೆ ಬಂದವರನ್ನು ಆಪರೇಷನ್‌ಗೆ ಕಳಿಸುವುದು ನನ್ನ ಕೆಲಸ. ಮೊದಲು ನಾನು ನಂಜನಗೂಡಿನಲ್ಲಿದ್ದಾಗ ನನ್ನಿಂದ ಓದುವ ಕನ್ನಡಕ ಪಡೆದಿದ್ದ ಹೆಮ್ಮರಗಾಲದ ಮಾದಯ್ಯ ಒಂದು ಬೆಳಿಗ್ಗೆ ನನ್ನನ್ನು ಹುಡುಕಿಕೊಂಡು ಬಂದರು. ಅವರು ಊರಿನ ನೀರುಗಂಟಿ, ವಾಲ್ವ್ ತಿರುಗಿಸಿ ಬೀದಿ ಬೀದಿಗೆ ಕುಡಿಯುವ ನೀರು ಬಿಡುವವರು.

ಕುರ್ಚಿಯಲ್ಲಿ ಕೂತರು, ಎದ್ದರು, ಮತ್ತೆ ಕೂತರು.

“ಮೇಡಂ, ಕಣ್ ಮುಚ್ಚುದ್ರೆ ನಂಗೇನೂ ಕಾಣಾಕಿಲ್ಲ.”

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಮಾದಯ್ಯ ನಗಲಿಲ್ಲ. ಅವರ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ನಾನು ಅಕ್ಷರದ ಚಾರ್ಟ್ ಓದಿಸಿದೆ. ಎರಡೂ ಕಣ್ಣು 6/6, ಅಂದರೆ ದೂರದ ನೋಟ ಸರಿಯಾಗಿದೆ. ಪೊರೆಯೂ ಇರಲಿಲ್ಲ. ಪಾಪೆ ಹಿಗ್ಗಲು ಡ್ರಾಪ್ಸ್ ಹಾಕಿ ಹೊರಗೆ ಕೂರಿಸಿದೆ. ಕೂರಲಿಲ್ಲ, ಕಾರಿಡಾರ್‌ನಲ್ಲಿ ಅತ್ತಿಂದಿತ್ತ ನಡೆದರು. ಕೊನೆಗೆ ಕಣ್ಣಿನೊಳಗಿನ ಪರದೆ ನೋಡಿದೆ, ಅದೂ ಚೆನ್ನಾಗಿತ್ತು.

“ಇನ್ನೂ ಒಳುಕ್ಕೆ ನೋಡಿ ಮೇಡಂ,” ಎಂದರು.

ಸಾಲು ಕರಗಿದ ಮೇಲೆ ವಿಷಯ ಹೊರಬಂತು. ಮಾದಯ್ಯ ವಿಪರೀತ ಕುಡಿಯುತ್ತಿದ್ದರು. ಬೇಸತ್ತ ಹೆಂಡತಿ ರಾಜಮ್ಮ ದೇವನೂರಿನ ತವರಿಗೆ ಹೋಗಿಬಿಟ್ಟರು. ಆಮೇಲೆ ಇವರು ಊರಿನ ಬುದ್ಧ ವಿಹಾರದಲ್ಲಿ ಧ್ಯಾನಕ್ಕೆ ಕೂರತೊಡಗಿದರು. ಉಸಿರು ಗಮನಿಸುತ್ತ ಗಮನಿಸುತ್ತ ಕುಡಿತ ಬಿಟ್ಟರು, ರಾಜಮ್ಮ ಮರಳಿದರು. ಅಲ್ಲಿಗೆ ಈಚೆಗೆ ಬಂದ ಬೌದ್ಧ ಭಿಕ್ಷು, ಭಂತೇಜಿ, ಹೊಸ ಅಭ್ಯಾಸ ಹೇಳಿಕೊಟ್ಟಿದ್ದರು: ಬುದ್ಧನ ಮೂರ್ತಿಯನ್ನು ನೋಡಿ, ಕಣ್ಣು ಮುಚ್ಚಿ, ಅದೇ ರೂಪವನ್ನು ಒಳಗೆ ಕಾಣಬೇಕು. ಎಲ್ಲರಿಗೂ ಕಂಡಿತು. ಮಾದಯ್ಯನವರಿಗೆ ಬರೀ ಕತ್ತಲೆ. ಕೇಳಿದವರಿಗೆ “ಕಾಣ್ತದೆ” ಎಂದು ಸುಳ್ಳು ಹೇಳುತ್ತ ಬಂದಿದ್ದರು.

“ಕುಡ್ದು ಕುಡ್ದು ಒಳಗಣ್ಣ ಸುಟ್ಕಂಬುಟ್ಟೆ. ಸುಟ್ಟೋದ ಮ್ಯಾಕೆ ಬುಟ್ಟಿದ್ದು ಯಾತುಕ್ಕೆ ಮೇಡಂ? ನೆನ್ನೆ ಬ್ರಾಂದಿ ಅಂಗ್ಡಿ ಗಂಟ ಓಗಿ ವಾಪಸ್ ಬಂದಿವ್ನಿ.”

ನನಗೆ ದಿಗಿಲಾಯಿತು. ಚಾರ್ಟ್, ಟಾರ್ಚ್ ಯಾವುದೂ ಅಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ಏನೋ ಹೊಳೆದು ಕೇಳಿದೆ: “ಚಿಕ್ಕವರಿದ್ದಾಗ ಕಣ್ಣು ಮುಚ್ಚಿದರೆ ಅವ್ವನ ಮುಖ ಕಾಣುತ್ತಿತ್ತೇ?”

ಅವರು ನನ್ನನ್ನೇ ದಿಟ್ಟಿಸಿದರು. “ಕಾಣಾದು ಅಂದ್ರೆ... ದಿಟವಾಗ್ಲೂ ಕಾಣ್ತದಾ? ಜನ ಸುಮ್ಕೆ ಮಾತ್ಗೆ ಅಂಗಂತಾರೆ ಅನ್ಕಂಡಿದ್ದೆ.”

ಮೈಸೂರಿನಲ್ಲಿ ನನಗೆ ಪರಿಚಯದ ಮನೋವೈದ್ಯರೊಬ್ಬರಿಗೆ ಫೋನ್ ಮಾಡಿದೆ. ಅವರು ಮಾದಯ್ಯನವರೊಂದಿಗೂ ಮಾತಾಡಿ, ಕೆಲವರಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೇ ಇಲ್ಲ, ಇದಕ್ಕೆ ಅಫಾಂಟೇಸಿಯಾ ಎನ್ನುತ್ತಾರೆ, ಕಾಯಿಲೆಯಲ್ಲ, ಬಾಲ್ಯದಿಂದಲೂ ಹೀಗೇ ಇದ್ದರೆ ಕುಡಿತದಿಂದ ಬಂದದ್ದೂ ಅಲ್ಲ ಎಂದರು. ಮಾದಯ್ಯ ಕೇಳಿಸಿಕೊಂಡರು. ನೆಮ್ಮದಿಯೇನೂ ಆದಂತೆ ಕಾಣಲಿಲ್ಲ.

“ಅಂಗಾರೆ ಧ್ಯಾನ ನನ್ ಪಾಲಿಗಿಲ್ಲ ಅನ್ನಿ,” ಎಂದು ಎದ್ದರು.

ಅವರನ್ನು ಹಾಗೆ ಕಳಿಸಲು ಮನಸ್ಸಾಗದೆ ಭಾನುವಾರ ನಾನೇ ವಿಹಾರಕ್ಕೆ ಬಂದು ಭಂತೇಜಿಯವರ ಹತ್ತಿರ ಮಾತಾಡುತ್ತೇನೆಂದು ಹೇಳಿದೆ. ಆ ವಾರವೆಲ್ಲ ನನಗೂ ಸಮಾಧಾನವಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಸತ್ತ ತಂದೆಯ ಮುಖ ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದೆ. ಬರುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ.

ನಾವು ಮಠಕ್ಕೆ ನಡೆದುಕೊಳ್ಳುವ ಮನೆಯವರು. ವಿಹಾರದೊಳಗೆ ಕಾಲಿಟ್ಟದ್ದು ಅದೇ ಮೊದಲು. ಹಂಚಿನ ಚಾವಣಿ, ಚಾಪೆ, ಸಣ್ಣದೊಂದು ಮೂರ್ತಿ. ಧ್ಯಾನ ಮುಗಿದು ಉಳಿದವರೆಲ್ಲ ಹೋದ ಮೇಲೆ, ರಾಜಮ್ಮನೂ ಇರುವಾಗಲೇ, ಮಾದಯ್ಯ ತಾವು ಸುಳ್ಳು ಹೇಳಿದ್ದನ್ನು ಭಂತೇಜಿಗೆ ತಾವೇ ಹೇಳಿದರು. ಉಳಿದದ್ದನ್ನು ನಾನು ವಿವರಿಸಿದೆ.

ಭಂತೇಜಿ, “ಮೂರ್ತಿ ಎದುರು ಕೂತಾಗ ನಿಮಗೆ ಏನನ್ನಿಸುತ್ತೆ?” ಎಂದು ಕೇಳಿದರು.

“ಯಾರೋ ಅವ್ರೆ ಅನ್ನುಸ್ತದೆ. ನನ್ನ ಬೈಯಾಕಿಲ್ಲ ಅನ್ನುಸ್ತದೆ.”

“ಅದನ್ನೇ ಹಿಡ್ಕೊಂಡು ಕೂತ್ಕೊಳ್ಳಿ. ಚಿತ್ರ ಬೇಡ. ತಪ್ಪಿಹೋದರೆ ಕಣ್ಣು ತೆರೆದು ನೋಡಿ.”

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ, ಗೋಡೆಗೆ ಒರಗಿ ಕೂತಿದ್ದ ರಾಜಮ್ಮ ಗಂಡನ ಕಡೆ ತಿರುಗಿದರು.

“ಅಂಗಾರೆ ನಾನು ತೌರ್‌ನಲ್ಲಿದ್ದಾಗ ನನ್ ಮೊಕಾನೂ ನಿಂಗೆ ಕಾಣ್ತಿರ್ನಿಲ್ವಾ?”

“ಇಲ್ಲ ಕಣಮ್ಮಿ.”

“ಅದ್ಕೇಯಾ ವಾರ್ವಾರ ಬಸ್ ಅತ್ಕಂಡ್ ಬಂದು, ಮಾತೂ ಆಡ್ದೆ ಬೀದೀಲಿ ನಿಂತಿದ್ದು ಓಯ್ತಿದ್ದುದ್ದು?”

“ನೋಡ್ಬೇಕು ಅಂದ್ರೆ ಬರ್ಲೇಬೇಕಿತ್ತಲ್ಲ.”

ರಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತರು. ಅವರ ತಮ್ಮಂದಿರು ಆ ಬೀದಿಯಿಂದ ಮಾದಯ್ಯನವರನ್ನು ಎಷ್ಟೋ ಸಲ ಬೈದು ಓಡಿಸಿದ್ದರಂತೆ. ನನಗೆ ಇದು ತಿಳಿದದ್ದು ಅಂದು ಊಟಕ್ಕೆ ಮಾದಯ್ಯನವರ ಮನೆಗೆ ಹೋದಾಗ.

ಮಾದಯ್ಯ ಮತ್ತೆ ಕುಡಿಯಲಿಲ್ಲ. ಚಡಪಡಿಕೆ ಪೂರ್ತಿ ಹೋಯಿತೆಂದು ಹೇಳಲಾರೆ. ಧ್ಯಾನದ ನಡುವೆ ಈಗಲೂ ಕಣ್ಣು ತೆರೆದು ಮೂರ್ತಿ ನೋಡಿಕೊಳ್ಳುತ್ತಾರೆ, ಯಾರೂ ತಡೆಯುವುದಿಲ್ಲ ಎಂದು ರಾಜಮ್ಮ ಫೋನಿನಲ್ಲಿ ಹೇಳುತ್ತಿರುತ್ತಾರೆ.

ಕಣ್ಣಿನ ವಿಭಾಗದಲ್ಲಿ ಜೀವಮಾನವೆಲ್ಲ “ಕಾಣುತ್ತಾ?” ಎಂದು ಕೇಳಿಯೇ ಸಂಬಳ ಪಡೆದವಳು ನಾನು. ಆ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆಂದು ನಂಬಿದ್ದೆ. ಉಳಿದ ಎರಡು ವರ್ಷ, ಕಾಣುವುದಿಲ್ಲ ಎಂದು ಯಾರೇ ಬಂದರೂ ಚಾರ್ಟಿನ ದೀಪ ಹಾಕುವ ಮೊದಲು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ: ನೀವು ನೋಡಬೇಕೆಂದುಕೊಂಡಿರುವುದು ಏನನ್ನು?