ಟ್ರ್ಯಾಕ್ಟರಿಗೆ ಲಾರಿಯ ಬ್ಯಾಟರಿ

ಮೂಡುಬಿದಿರೆಯ ಬ್ಯಾಟರಿ ಅಂಗಡಿಯ ಹಾಜಬ್ಬ ಬ್ಯಾರಿಗಳಿಗೆ ಒಂದು ಹಮ್ಮಿತ್ತು. ಬಂಟ್ವಾಳದ ಟಿಪ್ಪರ್ ಇರಲಿ, ಬೆಳ್ತಂಗಡಿಯ ಮರದ ಲಾರಿ ಇರಲಿ, ಗಿರಾಕಿ ಗಾಡಿಯ ಹೆಸರು ಹೇಳಿ ಮುಗಿಸುವುದರೊಳಗೆ ಇಂಥದೇ ಬ್ಯಾಟರಿ ಎಂದು ಬೆರಳು ತೋರಿಸಿಬಿಡುತ್ತಿದ್ದರು. ಯಾವ ಗಾಡಿಗೆ ಯಾವುದು ಎಂದು ಕಂಪೆನಿಯವರು ಕೊಟ್ಟ ಪಟ್ಟಿ ಕ್ಯಾಲೆಂಡರಿನ ಹಿಂದೆ ಧೂಳು ತಿನ್ನುತ್ತಿತ್ತು. ಮೂವತ್ತು ವರ್ಷ ಬ್ಯಾಟರಿ ಹೊತ್ತವರಿಗೆ ಪಟ್ಟಿ ಯಾಕೆ, ಹೇಳಿ!

ಬೆಳುವಾಯಿಯ ಕೃಷ್ಣಕುಮಾರರ ಟ್ರ್ಯಾಕ್ಟರ್ ಓಡಿಸುವ ಚಿನ್ನಯ್ಯ ಉಳುಮೆ ಶುರುವಾಗುವ ಮೊದಲು ಬಂದಿದ್ದ.

"ಹಳತು ಎಷ್ಟಿತ್ತೋ ಅಷ್ಟೇ ದೊಡ್ಡದು ಸಾಕು ಬ್ಯಾರಿಗಳೇ," ಎಂದ.

"ಡೀಸೆಲ್ ಇಂಜಿನ್ ಮಾರಾಯ, ಬೆಳಿಗ್ಗೆ ತಣ್ಣಗಿರುವಾಗ ತಿರುಗಿಸ್ಲಿಕ್ಕೆ ಶಕ್ತಿ ಬೇಡವಾ? ಲಾರಿಯದ್ದೇ ಹಾಕುವ," ಎಂದರು ಹಾಜಬ್ಬ.

ಲಾರಿಯ ಬ್ಯಾಟರಿ ಟ್ರ್ಯಾಕ್ಟರಿನಲ್ಲಿ ಬ್ಯಾಟರಿ ಇಡುವ ಕಬ್ಬಿಣದ ತಟ್ಟೆಯಲ್ಲಿ ಸರಿಯಾಗಿ ಕೂರಲಿಲ್ಲ. ಮೂರು ಬೆರಳಿನಷ್ಟು ಹೊರಗೆ ಚಾಚಿತು. ಹಾಜಬ್ಬ ಹಳೆಯ ಟಯರಿನ ಟ್ಯೂಬ್ ಸೀಳಿ ತಾವೇ ಬಿಗಿದು ಕಟ್ಟಿದರು. ನಮ್ಮೂರಲ್ಲಿ ಟ್ಯೂಬಿನ ಪಟ್ಟಿಯಿಂದ ಕಟ್ಟದ ವಸ್ತು ಯಾವುದುಂಟು?

ಮೂರನೇ ತಿಂಗಳಿಗೆ ಬ್ಯಾಟರಿ ಸತ್ತಿತು. ಕೃಷ್ಣಕುಮಾರರು ಅದನ್ನು ಹೊರಿಸಿಕೊಂಡು ಚಿನ್ನಯ್ಯನನ್ನು ಅಂಗಡಿಗೆ ಕರೆತಂದರು. ಮುಚ್ಚಳ ತೆಗೆದರೆ ಒಳಗೆ ನೀರೇ ಇಲ್ಲ.

"ತಿಂಗಳಿಗೊಮ್ಮೆ ನೀರು ನೋಡ್ಲಿಕ್ಕೂ ಸೋಮಾರಿತನವಾ? ಇದನ್ನು ಕೊಂದದ್ದು ನಿಮ್ಮ ಡ್ರೈವರೇ," ಎಂದು ಹಾಜಬ್ಬ ಐದಾರು ಗಿರಾಕಿಗಳ ಎದುರು ಜೋರಾಗಿಯೇ ಹೇಳಿದರು. "ನಾನು ನೀರು ಹಾಕಿದ್ದೇನೆ," ಎಂದು ಚಿನ್ನಯ್ಯ ಬಾಯಿ ತೆರೆದ, ಎಲ್ಲರೂ ನಕ್ಕರು. ಮರುದಿನ ಟ್ರ್ಯಾಕ್ಟರಿನ ಕೀ ಬೇರೆಯವನ ಕೈಗೆ ಹೋಯಿತು, ಚಿನ್ನಯ್ಯನ ತಲೆಗೆ ಗೊಬ್ಬರದ ಬುಟ್ಟಿ ಬಂತು.

ವಾರದ ಮೇಲೆ, ಅಂಗಡಿಯಲ್ಲೇ ಬಿದ್ದಿದ್ದ ಆ ಬ್ಯಾಟರಿಯನ್ನು ಗುಜರಿಗೆಂದು ಎತ್ತುವಾಗ ಹಾಜಬ್ಬರ ಬೆರಳು ತಳಕ್ಕೆ ತಾಗಿತು. ಅಡಿಯಲ್ಲಿ ಒಂದು ನೇರ ಗೆರೆ, ಗೆರೆಯುದ್ದಕ್ಕೂ ಬಿರುಕು. ಅದು ತಟ್ಟೆಯ ಅಂಚು ಕೂತಿದ್ದ ಜಾಗ. ಗದ್ದೆಯ ಕುಲುಕಾಟಕ್ಕೆ ಅಂಚು ಕೊರೆದು, ಚಿನ್ನಯ್ಯ ಹಾಕಿದ ನೀರೆಲ್ಲ ಅಲ್ಲಿಂದಲೇ ಜಿನುಗಿಹೋಗಿತ್ತು.

ಹಾಜಬ್ಬರ ಕಿವಿ ಬಿಸಿಯಾಯಿತು. ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಬ್ಯಾಟರಿಯನ್ನು ಮೂಲೆಗೆ ಸರಿಸಿಟ್ಟರು. ಹಾಗೆ ಬಚ್ಚಿಟ್ಟದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು. ಎರಡು ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಹೆಂಡತಿ ಖದೀಜ ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದರು. ಕೊನೆಗೆ ಬ್ಯಾಟರಿಯನ್ನು ರಿಕ್ಷಾಕ್ಕೆ ಹಾಕಿಸಿ ಬೆಳುವಾಯಿಗೆ ಹೊರಟರು.

ಕೃಷ್ಣಕುಮಾರರು ಅಂಗಳದಲ್ಲಿದ್ದರು. ಚಿನ್ನಯ್ಯನನ್ನೂ ಕರೆಸಿ, ಬ್ಯಾಟರಿಯನ್ನು ಮಗುಚಿ ಹಾಕಿ ಹಾಜಬ್ಬ ಹೇಳಿದರು: "ತಪ್ಪು ನನ್ನದು. ಆರಿಸಿದ್ದೂ ನಾನೇ, ಕಟ್ಟಿದ್ದೂ ನಾನೇ. ಅಷ್ಟು ಜನರೆದುರು ಇವನ ಮೇಲೆ ಹಾಕಿದೆ."

ಕೃಷ್ಣಕುಮಾರರು ಬಿರುಕು ನೋಡಿದರು, ಆಮೇಲೆ ನೆಲ ನೋಡಿದರು.

ಚಿನ್ನಯ್ಯ ಕೈಯ ಗೊಬ್ಬರ ಒರೆಸಿಕೊಂಡ. "ಅಡಿ ಒದ್ದೆಯಾಗ್ತದೆ ಅಂತ ನಾನು ಎರಡನೇ ವಾರವೇ ಧಣಿಗಳಿಗೆ ಹೇಳಿದ್ದೆ ಬ್ಯಾರಿಗಳೇ. ಅವರು, 'ಹಾಜಬ್ಬರು ಆರಿಸಿ ಕೊಟ್ಟ ಬ್ಯಾಟರಿ ಸೋರ್ಲಿಕ್ಕುಂಟಾ, ನೀನೇ ನೀರು ಚೆಲ್ಲಿರ್ಬೇಕು' ಅಂದ್ರು."

ಬೇರೆ ಯಾವ ದಿನ ಈ ಮಾತು ಕಿವಿಗೆ ಬಿದ್ದಿದ್ದರೂ ಹಾಜಬ್ಬ ಉಬ್ಬಿಹೋಗುತ್ತಿದ್ದರು. ಈಗ ಅವರಿಗೆ ಚಿನ್ನಯ್ಯನ ಮುಖ ನೋಡಲಾಗಲಿಲ್ಲ.