ಒಲೆ ಹಚ್ಚದ ಮಧ್ಯಾಹ್ನ

ಮಧ್ಯಾಹ್ನ ಎರಡಾದರೂ ದೊಡ್ಡಮ್ಮ ಒಲೆ ಹಚ್ಚಿರಲಿಲ್ಲ. ತೊಳೆದ ಅಕ್ಕಿ ಪಾತ್ರೆಯಲ್ಲೇ ಇತ್ತು. ಅವಳು ಟಿವಿ ಮುಂದೆ ಕೂತಿದ್ದಳು. ಯಾವುದೋ ದೇಶದ ಯುದ್ಧ. ಬಿಳಿ ಬಟ್ಟೆ ಸುತ್ತಿದ ಪುಟ್ಟ ಮಗುವೊಂದನ್ನು ನೆಲದ ಮೇಲೆ ಮಲಗಿಸಿದ್ದರು.

ದಿನಾ ಸುದ್ದಿ ನೋಡಿ ಬ್ಲಾಗಿನಲ್ಲಿ ನಾಲ್ಕು ಸಾಲು ಗೀಚುವುದು ನನ್ನ ಚಟ. ಅನುಗೊಂಡನಹಳ್ಳಿಗೆ ದೊಡ್ಡಮ್ಮನ ಕೈಯಡುಗೆ ಉಣ್ಣಲು ಹೋದವಳು, ಅಲ್ಲೂ ಮೊಬೈಲಿನಲ್ಲಿ ಅದೇ ಯುದ್ಧದ ಬಗ್ಗೆ ಬರೆಯುತ್ತಿದ್ದೆ.

“ಅಡುಗೆ ಮಾಡಲ್ವಾ ದೊಡ್ಡಮ್ಮ?” ಎಂದೆ.

“ಹೆಂಗವ್ವ ಮಾಡ್ಲಿ? ಬೆಳಿಗ್ಗೆಯಿಂದ ಆ ಕೂಸ್ನ ಹಂಗೇ ಮಲಗ್ಸವ್ರೆ. ಇನ್ನೂ ಎತ್ತಿಲ್ಲ.”

ನಮ್ಮ ಕಡೆ ಬೀದಿಯಲ್ಲಿ ಸಾವಾದರೆ, ಹೆಣ ಎತ್ತುವವರೆಗೆ ಅಕ್ಕಪಕ್ಕದವರೂ ಒಲೆ ಹಚ್ಚುವುದಿಲ್ಲ. ಚಾನೆಲ್‌ನವರು ಅದೇ ದೃಶ್ಯವನ್ನು ಮತ್ತೆ ಮತ್ತೆ ಹಾಕುತ್ತಾರೆಂಬುದು ಅವಳಿಗೆ ಗೊತ್ತಿರಲಿಲ್ಲ. “ಮಣ್ಣು ಮಾಡಿದ್ರಂತೆ ದೊಡ್ಡಮ್ಮ, ಮೊಬೈಲಲ್ಲಿ ಈಗ್ಲೇ ಬಂತು” ಎಂದು ಸುಳ್ಳು ಹೇಳಿ ಟಿವಿ ಆರಿಸಿದೆ. ಅವಳು ಎದ್ದು ಹೋಗಿ, ತಲೆಗೆ ನೀರು ಹಾಕಿಕೊಂಡು ಬಂದು ಅನ್ನಕ್ಕಿಟ್ಟಳು.

ಬಡಿಸುವಾಗ ಮೆಲ್ಲಗೆ ಕೇಳಿದಳು: “ಆ ಕೂಸಿನವ್ವ ಬದುಕವ್ಳಾ?”

ಆ ದಿನದ ಬರಹ ಇನ್ನೂ ಮೊಬೈಲಿನಲ್ಲೇ ಉಳಿದಿದೆ. ಯಾವ ದೇಶ ಸರಿ, ಯಾವುದು ತಪ್ಪು ಎಂದು ಉದ್ದಕ್ಕೆ ಬರೆದಿದ್ದೆ. ಆ ಮಗುವಿಗೊಬ್ಬ ತಾಯಿ ಇರುತ್ತಾಳೆಂಬುದು ಮಾತ್ರ ನನಗೆ ಹೊಳೆದೇ ಇರಲಿಲ್ಲ.